ನಾಯಕಿ ಯಾರ ಕೈ ಹಿಡಿಯಬೇಕೆಂದು ಹೇಳುವ ಹಕ್ಕು ಓದುಗರಿಗೆ ಇದೆಯೇ?

ಕೊನೆಪುಟ (ಪ್ರಶ್ನೆ):
ಮೂರು ಸಂಪುಟಗಳ ಪ್ರಣಯ ಕಾದಂಬರಿಯೊಂದನ್ನು ನಾಲ್ಕು ವರ್ಷಗಳ ಕಾಲ ಕಾದು ಕಾದು ಓದಿದೆ. ಮೊದಲ ಸಂಪುಟದಿಂದಲೂ ನಾಯಕಿಯ ಜೊತೆಗಿದ್ದ ಬಾಲ್ಯದ ಗೆಳೆಯನನ್ನು ಬದಿಗಿಟ್ಟು, ಮೂರನೆಯ ಸಂಪುಟದ ನಡುವೆ ಬಂದವನೊಡನೆ ಅವಳ ಮದುವೆಯನ್ನು ಲೇಖಕಿ ಎರಡೇ ಪುಟಗಳಲ್ಲಿ ಮುಗಿಸಿಬಿಟ್ಟಿದ್ದಾರೆ. ನಮ್ಮ ಓದುಗರ ಬಳಗದಲ್ಲಿ ಕೆಲವರು ಅಂತ್ಯವನ್ನು ತಿದ್ದಿ ಬರೆಯಬೇಕೆಂದು ಲೇಖಕಿಯನ್ನೇ ಒತ್ತಾಯಿಸುತ್ತಿದ್ದಾರೆ. ನಾನೂ ಖಾರವಾದ ಪತ್ರವೊಂದನ್ನು ಬರೆದಿಟ್ಟಿದ್ದೇನೆ, ಆದರೆ ಕಳುಹಿಸಲು ಸಂಕೋಚವಾಗುತ್ತಿದೆ. ಇದು ಅಂತರ್ಜಾಲ ಕಲಿಸಿದ ಹೊಸ ಚಾಳಿಯೇ? ಕಾಲ್ಪನಿಕ ಜೋಡಿಯೊಂದು ಒಂದಾಗದಿದ್ದರೆ ನಮಗೆ ಇಷ್ಟೊಂದು ಕೋಪ ಏಕೆ ಬರುತ್ತದೆ?

ಹಳೆಯ ಓದುಗ:
ಹೊಸ ಚಾಳಿಯಂತೂ ಅಲ್ಲ. ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ರಿಚರ್ಡ್‌ಸನ್ನರ ಕಾದಂಬರಿ 'ಕ್ಲಾರಿಸಾ' 1747–48ರಲ್ಲಿ ಕಂತುಕಂತಾಗಿ ಹೊರಬರುತ್ತಿದ್ದಾಗ, ನಾಯಕಿ ಸಾಯುತ್ತಾಳೆಂಬ ಸುಳಿವು ಸಿಕ್ಕಿದ ಲೇಡಿ ಬ್ರಾಡ್‌ಶೇ ಎಂಬ ಓದುಗಿ ಸುಳ್ಳು ಹೆಸರಿನಲ್ಲಿ ಲೇಖಕರಿಗೆ ಪತ್ರ ಬರೆದು, ಕಥೆಯನ್ನು ಸುಖಾಂತವಾಗಿಸಬೇಕೆಂದು ಅಂಗಲಾಚಿದರು. ರಿಚರ್ಡ್‌ಸನ್ ಒಪ್ಪಲಿಲ್ಲ, ಆದರೆ ಪತ್ರವ್ಯವಹಾರವನ್ನೂ ನಿಲ್ಲಿಸಲಿಲ್ಲ. ನನಗೆ ಇದಕ್ಕಿಂತ ಸ್ವಾರಸ್ಯವೆನಿಸುವುದು ಆಕೆಯ ಸಹೋದರಿ ಲೇಡಿ ಎಕ್ಲಿನ್ ಮಾಡಿದ ಕೆಲಸ: ಆಕೆ ಬೇಡುತ್ತಾ ಕೂರದೆ, ಆ ಕಾದಂಬರಿಗೆ ತಮ್ಮದೇ ಬೇರೊಂದು ಅಂತ್ಯವನ್ನು ಬರೆದುಕೊಂಡರು. ಅದು ಅಚ್ಚಾಗಿ ಹೊರಬಂದದ್ದು 1982ರಲ್ಲಿ. ಮೆಚ್ಚಿದ ಕಥೆಯನ್ನು ಅಭಿಮಾನಿಗಳೇ ಮುಂದುವರಿಸಿ ಅಥವಾ ಬದಲಿಸಿ ಬರೆಯುವುದನ್ನು ಇಂದು ನಾವು ಫ್ಯಾನ್ ಫಿಕ್ಷನ್ ಎನ್ನುತ್ತೇವಲ್ಲ, ಅದಕ್ಕೂ ಇದಕ್ಕೂ ಹೆಸರಿನ ಹೊರತು ಬೇರೆ ವ್ಯತ್ಯಾಸ ನನಗೆ ಕಾಣುವುದಿಲ್ಲ.

ನಿಮ್ಮ ಸಂಕಟಕ್ಕೆ ಇನ್ನೂ ಹತ್ತಿರವಾದದ್ದು ಲೂಯಿಸಾ ಮೇ ಆಲ್ಕಾಟರ 'ಲಿಟಲ್ ವಿಮೆನ್' ಪ್ರಸಂಗ. 1868ರಲ್ಲಿ ಮೊದಲ ಭಾಗ ಬಂದ ಕೂಡಲೇ, ನಾಯಕಿ ಜೋ ಪಕ್ಕದ ಮನೆಯ ಗೆಳೆಯ ಲಾರಿಯನ್ನೇ ಮದುವೆಯಾಗಬೇಕೆಂದು ಹುಡುಗಿಯರು ಪತ್ರಗಳ ಸುರಿಮಳೆಗರೆದರು. ಜೋ ಅವಿವಾಹಿತ ಲೇಖಕಿಯಾಗಿಯೇ ಉಳಿಯಲೆಂಬುದು ಆಲ್ಕಾಟರ ಇಷ್ಟವಾಗಿತ್ತು. ಓದುಗರ ಒತ್ತಡಕ್ಕೆ ಅರ್ಧ ಮಣಿದು, ಅರ್ಧ ಹಟಕ್ಕೆಂದೇ, ಅವಳಿಗಿಂತ ಬಹಳ ಹಿರಿಯನಾದ ಪ್ರೊಫೆಸರ್ ಬೇಯರ್‌ನನ್ನು ಗಂಟುಹಾಕಿದರು. ಆ ಪ್ರೇಮನಿವೇದನೆಯನ್ನು ಮತ್ತೊಮ್ಮೆ ಓದಿ ನೋಡಿ: ಮಳೆ, ಒಂದೇ ಕೊಡೆ, ಕೆಸರಿನಿಂದಾಗಿ ಮಂಡಿಯೂರುವಂತಿಲ್ಲ, ಎರಡೂ ಕೈಗಳು ತುಂಬಿರುವುದರಿಂದ ಕೈ ನೀಡುವಂತೆಯೂ ಇಲ್ಲ. ಪತ್ರ ಬರೆದ ಹುಡುಗಿಯರು ಕನಸು ಕಂಡಿದ್ದ ದೃಶ್ಯವನ್ನು ಲೇಖಕಿ ಬೇಕೆಂದೇ ಕೆಣಕಿದ್ದಾರೆಂದು ನನ್ನ ಅನಿಸಿಕೆ, ಮತ್ತು ಆ ಕೆಣಕಿನಿಂದಲೇ ಅದು ಚೆನ್ನಾಗಿದೆ.

ವಿಪ್ರಲಂಭ:
ಇತಿಹಾಸ ಸರಿ, ಆದರೆ ಇವರ ಕೋಪಕ್ಕೆ ಕಾರಣ ಬೇರೆಯೇ ಇದೆ. 1980ರಲ್ಲಿ ಸ್ಥಾಪನೆಯಾದ ಅಮೆರಿಕದ ಪ್ರಣಯ ಲೇಖಕರ ಸಂಘವು ಈ ಪ್ರಕಾರಕ್ಕೆ ಎರಡೇ ಲಕ್ಷಣಗಳನ್ನು ಹೇಳಿತು: ಕಥೆಯ ಕೇಂದ್ರದಲ್ಲಿ ಪ್ರೇಮವಿರಬೇಕು, ಅಂತ್ಯವು ಮನಸ್ಸಿಗೆ ತೃಪ್ತಿ ಕೊಡುವ, ಭರವಸೆ ತುಂಬುವ ಅಂತ್ಯವಾಗಿರಬೇಕು. ಪತ್ತೇದಾರಿ ಕಾದಂಬರಿಯ ಕೊನೆಯಲ್ಲಿ ಕೊಲೆಗಾರ ಸಿಗಲೇಬೇಕಲ್ಲವೇ, ಹಾಗೆ. ಇದನ್ನು ನಂಬಿಕೊಂಡೇ ಓದುಗರು ಮುನ್ನೂರು ಪುಟಗಳ ವಿರಹವನ್ನು ಸಹಿಸುತ್ತಾರೆ. ನಮ್ಮ ಆಲಂಕಾರಿಕರು ಶೃಂಗಾರವನ್ನು ಸಂಭೋಗ (ಪ್ರೇಮಿಗಳ ಮಿಲನ), ವಿಪ್ರಲಂಭ (ಅವರ ಅಗಲಿಕೆ) ಎಂದು ಎರಡಾಗಿ ವಿಂಗಡಿಸಿದ್ದರು. ಇಂದಿನ ಅಭಿಮಾನಿಗಳು ‘ಸ್ಲೋ ಬರ್ನ್’, ಅಂದರೆ ನಿಧಾನವಾಗಿ ಬೆಳೆಯುವ ಪ್ರೇಮಕಥೆ, ಎಂದು ಹುಡುಕಿಕೊಂಡು ಹೋಗುವುದು ಎರಡನೆಯದನ್ನೇ (ನನ್ನ ಅಡ್ಡಹೆಸರಿನ ಗುಟ್ಟೂ ಇಷ್ಟೇ). ಆದ್ದರಿಂದ ನಾನು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ನಾಯಕಿ ಕೊನೆಯಲ್ಲಿ ಸುಖವಾಗಿದ್ದಾಳೆಯೇ? ಇದ್ದರೆ ಲೇಖಕಿ ಮಾತು ತಪ್ಪಿಲ್ಲ. ಗೆಳೆಯನೊಡನೆಯೇ ಮದುವೆ ಎಂದು ಅವರು ಎಲ್ಲಿಯೂ ಹೇಳಿರಲಿಲ್ಲ, ಅದು ನೀವು ಕಟ್ಟಿಕೊಂಡ ಜೋಡಿ.

ಅಂಚುಬರಹ:
ಮೇಲಿನವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಎರಡು ಸಂಪುಟಗಳ ಉದ್ದಕ್ಕೂ ಒಬ್ಬನನ್ನೇ ಮುಂದೆ ನಿಲ್ಲಿಸಿ, ನೋಟ, ಮೌನ, ಮುನಿಸುಗಳನ್ನೆಲ್ಲ ಅವನ ಸುತ್ತಲೇ ಹೆಣೆಯುವುದೂ ಬಾಯಿಬಿಟ್ಟು ಹೇಳದ ಒಂದು ಮಾತೇ. ಆದರೂ ತಿದ್ದಿ ಬರೆಯಿರೆಂದು ಲೇಖಕಿಯ ಬೆನ್ನುಹತ್ತುವುದು ಬೇಡ. ಬೇಕಾದ ಜೋಡಿಯನ್ನು ಒಂದುಗೂಡಿಸಿ ನೋಡುವ ಈ ಹವ್ಯಾಸಕ್ಕೆ ‘ಶಿಪ್ಪಿಂಗ್’ ಎಂಬ ಹೆಸರು 1990ರ ದಶಕದಲ್ಲಿ 'ಎಕ್ಸ್ ಫೈಲ್ಸ್' ಧಾರಾವಾಹಿಯ ಅಭಿಮಾನಿಗಳಿಂದ ಬಳಕೆಗೆ ಬಂತು. ಫ್ಯಾನ್ ಫಿಕ್ಷನ್‌ನಂತಹ ಬರಹಗಳಿಗೆಂದೇ ಅಭಿಮಾನಿಗಳು ಕಟ್ಟಿದ 'ಆರ್ಕೈವ್ ಆಫ್ ಅವರ್ ಓನ್' ತಾಣವು 2009ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು, 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿ ಕ್ಷೇತ್ರದ ಹ್ಯೂಗೋ ಪ್ರಶಸ್ತಿಯೂ ಸಂದಿತು. ಲೇಡಿ ಎಕ್ಲಿನ್‌ಗೆ ಇಲ್ಲದಿದ್ದ ಅನುಕೂಲ ನಿಮಗಿದೆ. ಪತ್ರಕ್ಕೆ ಹಾಕಿದ ಖಾರವನ್ನು ಒಂದು ಅಧ್ಯಾಯಕ್ಕೆ ಹಾಕಿ.

ಕೊನೆಪುಟ:
ಎಲ್ಲರಿಗೂ ಧನ್ಯವಾದಗಳು. ಅವಳು ಸುಖವಾಗಿದ್ದಾಳೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಎರಡನೆಯ ಸಂಪುಟವನ್ನು ಮತ್ತೆ ತೆರೆದೆ. ಅವಳು ಅಂಚಿನಲ್ಲೆಲ್ಲ ಟಿಪ್ಪಣಿ ಬರೆದು ಓದಲು ಕೊಟ್ಟ ಪುಸ್ತಕವನ್ನು ಗೆಳೆಯ ತಿಂಗಳ ನಂತರ ಹಿಂತಿರುಗಿಸುತ್ತಾನೆ, ಅವಳು ಹತ್ತನೆಯ ಪುಟದಲ್ಲಿ ಇಟ್ಟಿದ್ದ ಒಣಗಿದ ಎಲೆ ಅಲ್ಲಿಯೇ ಇರುತ್ತದೆ. ಮೊದಲ ಸಲ ಓದುವಾಗ ಇದನ್ನು ತಮಾಷೆಯೆಂದು ನಕ್ಕು ಮುಂದೆ ಹೋಗಿದ್ದೆ. ಪತ್ರವನ್ನು ಅಳಿಸಿದ್ದೇನೆ. ಆದರೆ ಆ ಮದುವೆಗೆ ಎರಡೇ ಪುಟಗಳು ಸಾಕೆಂದು ಮಾತ್ರ ಯಾರೂ ನನ್ನನ್ನು ಒಪ್ಪಿಸಲಾರಿರಿ.