ಗಾಳಿ ಉಸಿರಾಡುವ ತಿಮಿಂಗಿಲ ದಡದಲ್ಲಿ ಯಾಕೆ ಸಾಯುತ್ತದೆ?

ರಶ್ಮಿ, ದಡಕ್ಕೆ ಬಂದು ಬಿದ್ದ ತಿಮಿಂಗಿಲದ ವಿಡಿಯೋ ನೋಡಿ ನಿನ್ನ ಮಗಳು ಕೇಳಿದ ಪ್ರಶ್ನೆ ಭಾರೀ ಇದೆ. "ಅದೂ ನಮ್ಮ ಹಾಗೆ ಗಾಳಿಯನ್ನೇ ಉಸಿರಾಡುತ್ತದೆ ಅಲ್ವಾ, ಮತ್ತೆ ದಡದಲ್ಲಿ ಯಾಕೆ ಸಾಯುತ್ತದೆ?" ಗ್ರೂಪಿನಲ್ಲಿ ಎಲ್ಲರೂ ಚಪ್ಪಾಳೆ ಇಮೋಜಿ ಹಾಕಿ ಜಾರಿಕೊಂಡರು! ಸ್ವಲ್ಪ ಉದ್ದ ಆಗುತ್ತದೆ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸು.

ಆದ್ಯಾ ಪುಟ್ಟಿ, ಅದನ್ನು ಕೊಲ್ಲುವುದು ಅದರದೇ ಭಾರ. ನೀಲಿ ತಿಮಿಂಗಿಲ 100 ಟನ್ ದಾಟಿ ಬೆಳೆಯುತ್ತದೆ. ಅಷ್ಟು ಭಾರವನ್ನೂ ಸಮುದ್ರ ಎತ್ತಿ ಹಿಡಿದಿರುತ್ತದೆ. ಮರಳಿನ ಮೇಲೆ ಬಿತ್ತೋ, ಅದರ ಮೈಯೇ ಅದರ ಶ್ವಾಸಕೋಶವನ್ನು ಅದುಮುತ್ತದೆ. ಇನ್ನೊಂದು ಕಷ್ಟ ಕಾವು. ಚರ್ಮದ ಕೆಳಗೆ ದಪ್ಪನೆಯ ಕೊಬ್ಬು ಇದೆ. ತಣ್ಣೀರಿನಲ್ಲಿ ಕಾಪಾಡುವ ಆ ಕೊಬ್ಬು ದಡದಲ್ಲಿ ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಪಾಪ. ಅದಕ್ಕೇ ಕಾಪಾಡಲು ಬಂದವರು ಮೈಗೆ ನೀರು ಹೊಯ್ಯುತ್ತಾ ಇರುತ್ತಾರೆ. ತಲೆಯ ಮೇಲೆ ಉಸಿರಿನ ತೂತು ಇದೆಯಲ್ಲ, ಅದರೊಳಗೆ ಮಾತ್ರ ನೀರು ಹೋಗಬಾರದು.

ಹಾಗಾದರೆ ನೀರಿನಡಿ ಅಷ್ಟು ಹೊತ್ತು ಹೇಗಿರುತ್ತದೆ ಅಂತ ನೀನು ಕೇಳುತ್ತೀಯ, ಗೊತ್ತು. ಕುವಿಯರ್ ಕೊಕ್ಕಿನ ತಿಮಿಂಗಿಲ ಅಂತ ಒಂದಿದೆ. ಅದು ಒಂದು ಸಲ 3 ಗಂಟೆ 42 ನಿಮಿಷ ಮುಳುಗಿಯೇ ಇದ್ದದ್ದು ದಾಖಲಾಗಿದೆ. ಎದೆ ತುಂಬಾ ಗಾಳಿ ತುಂಬಿಕೊಂಡು ಹೋಗುತ್ತದೆ ಅಂದುಕೊಳ್ಳಬೇಡ. ಆಳದ ಒತ್ತಡಕ್ಕೆ ಅದರ ಶ್ವಾಸಕೋಶ ಮುದುಡಿಹೋಗುತ್ತದೆ. ಆಮ್ಲಜನಕವೆಲ್ಲ ಹೆಚ್ಚಾಗಿ ರಕ್ತದಲ್ಲಿ, ಸ್ನಾಯುಗಳಲ್ಲಿ ಕೂಡಿಟ್ಟಿರುತ್ತದೆ. ಎದೆಬಡಿತವೂ ನಿಧಾನವಾಗುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ನೀಲಿ ತಿಮಿಂಗಿಲವೊಂದರ ಮೈಗೆ ಪುಟ್ಟ ಯಂತ್ರ ಅಂಟಿಸಿ ಅಳೆದರು. 2019ರಲ್ಲಿ ವರದಿ ಬಂತು. ಆಳದಲ್ಲಿ ಅದರ ಹೃದಯ ನಿಮಿಷಕ್ಕೆ ಎರಡೇ ಸಲ ಬಡಿದದ್ದೂ ಉಂಟು. ಮೇಲೆ ಬಂದಾಗ 25ರಿಂದ 37.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಆಗಿದ್ದು ಮುಂದಿನ ಕಥೆ. ಗಾಳಿ ಉಸಿರಾಡುವ ಪ್ರಾಣಿ ನೀರಿಗೆ ಯಾಕೆ ಹೋಯಿತು? ಅದರ ಹಿರಿಯರು ನಾಲ್ಕು ಕಾಲಿನಲ್ಲಿ ನೆಲದ ಮೇಲೆ ಓಡಾಡುತ್ತಿದ್ದರು, ಅದೂ ನಮ್ಮ ಕಡೆಯೇ! ಎ. ರಂಗರಾವ್ ಅಂತ ಭೂವಿಜ್ಞಾನಿ ಇದ್ದರು. ಜಮ್ಮುವಿನ ಕಾಲಾಕೋಟ್ ಕಡೆಯಿಂದ ಪಳೆಯುಳಿಕೆಯ ಕಲ್ಲುಗಳನ್ನು ತಂದಿಟ್ಟಿದ್ದರು. ಅವರು ತೀರಿಕೊಂಡ ಮೇಲೂ ಅವರ ಹೆಂಡತಿ ಆ ಕಲ್ಲುಗಳನ್ನು ಜೋಪಾನ ಮಾಡಿದರು. ಆಮೇಲೆ ಅಮೆರಿಕದ ಹಾನ್ಸ್ ಥೆವಿಸೆನ್ ಅನ್ನುವ ವಿಜ್ಞಾನಿಗೆ ಕೊಟ್ಟರು. ಅಲ್ಲಿ ಚೊಕ್ಕಟ ಮಾಡುವಾಗ ಒಂದು ತಲೆಬುರುಡೆ ಮುರಿಯಿತು. ನೋಡಿದರೆ ಒಳಗೆ ಕಿವಿಯ ಎಲುಬು, ಒಂದು ಕಡೆ ಮಾತ್ರ ದಪ್ಪ. ಅಂಥ ಕಿವಿ ತಿಮಿಂಗಿಲದ ವಂಶದ ಗುರುತು! ಇಂಡೋಹಯಸ್ ಅಂತ ಅದರ ಹೆಸರು. ಸುಮಾರು 4.8 ಕೋಟಿ ವರ್ಷ ಹಿಂದಿನದು, ಬೆಕ್ಕಿಗಿಂತ ಸ್ವಲ್ಪ ದೊಡ್ಡದಿರಬಹುದು, ಅಷ್ಟೇ. ಇದು ನೇರ ಮುತ್ತಜ್ಜ ಅಲ್ಲ, ಹತ್ತಿರದ ದಾಯಾದಿ. ಈಗ ಬದುಕಿರುವವರಲ್ಲಿ ತಿಮಿಂಗಿಲಕ್ಕೆ ತೀರಾ ಹತ್ತಿರದ ನೆಂಟ ನೀರಾನೆ.

ಆ ವಿಡಿಯೋ ಇನ್ನೊಮ್ಮೆ ಹಾಕಿಸಿಕೊಂಡು ಬಾಲ ನೋಡು. ಮೀನು ಬಾಲವನ್ನು ಅತ್ತಿತ್ತ ಬೀಸುತ್ತದೆ, ತಿಮಿಂಗಿಲದ್ದು ಮೇಲೆ ಕೆಳಗೆ. ನಿಮ್ಮ ಬೀದಿನಾಯಿ ಓಡುವಾಗ ಬೆನ್ನು ಬಗ್ಗಿ ಏಳುತ್ತದಲ್ಲ, ಅದೇ ರೀತಿ. ಹಿಂಗಾಲಿನ ಕಡೆಯ ಎಲುಬಿನ ಚೂರುಗಳು ಈಗಲೂ ಅದರ ಮೈಯೊಳಗೆ ಉಳಿದಿವೆ.

ರಶ್ಮಿ, ಅವಳಿಗೆ ಇನ್ನೂ ಏನಾದರೂ ಕೇಳಬೇಕು ಅಂದರೆ ಭಾನುವಾರ ಫೋನ್ ಮಾಡಿಸು. ಊಟ ಆದ ಮೇಲೆ ಆಗಲಿ, ಬೆಳಿಗ್ಗೆ ನನಗೆ ಪುರುಸೊತ್ತಿಲ್ಲ.