ಗಾಬ್ಲಿನ್ ಮೋಡ್‌ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ (ಕೋಡುಬಳೆ ಭಕ್ತ):
ಕಳೆದ ಭಾನುವಾರ ಮಧ್ಯಾಹ್ನ 3 ಗಂಟೆಗೆ ನಾನಿನ್ನೂ ಹಾಸಿಗೆಯಲ್ಲೇ ಇದ್ದೆ. ಸ್ನಾನ ಇಲ್ಲ, ತಲೆ ಬಾಚಿಲ್ಲ. ಪಕ್ಕದಲ್ಲಿ ಕೋಡುಬಳೆ ಡಬ್ಬ, ಹೊದಿಕೆ ತುಂಬಾ ಅದರ ಪುಡಿ. ಆಗಲೇ ಅಮ್ಮನ ವಿಡಿಯೊ ಕಾಲ್ ಬಂತು. "ಏನೋ ನಿನ್ನ ಅವತಾರ?" ಅಂದರು. "ಗಾಬ್ಲಿನ್ ಮೋಡ್ ಅಮ್ಮ" ಅಂದೆ. ಹಾಗಂದ್ರೆ ಏನು ಅಂತ ಕೇಳಿದರು. ಯಾರೇನಂದ್ರೂ ಕ್ಯಾರೇ ಅನ್ನದೆ, ನಾಚಿಕೆ ಬಿಟ್ಟು ಸೋಮಾರಿಯಾಗಿ ತಿಂದುಕೊಂಡು ಬಿದ್ದಿರೋದು ಅಂತ. ಆದ್ರೆ ಅದಕ್ಕೆ ಕನ್ನಡದಲ್ಲಿ ಒಂದು ಪದ ಬಾಯಿಗೇ ಬರಲಿಲ್ಲ. ಸೋಂಬೇರಿ, ಮೈಗಳ್ಳ, ದಂಡಪಿಂಡ, ಎಲ್ಲಾ ಬೈಗುಳವೇ. ನನಗೋ ಒಂಚೂರೂ ನಾಚಿಕೆ ಇರಲಿಲ್ಲ! ಖುಷಿಯಿಂದ ಹೇಳಿಕೊಳ್ಳುವಂಥ ಪದ ಇದೆಯಾ?

ಪುಸ್ತಕದ ಹುಳ:
ಇದು ಆಕ್ಸ್‌ಫರ್ಡ್ ನಿಘಂಟಿನವರ 2022ರ ವರ್ಷದ ಪದ. ಆ ಸಲ ಮೊದಲ ಬಾರಿಗೆ ಜನರಿಂದಲೇ ಮತ ಹಾಕಿಸಿದರು. 3 ಲಕ್ಷಕ್ಕೂ ಜಾಸ್ತಿ ಮತ ಬಿತ್ತು, ಶೇ 93 ಇದಕ್ಕೇ. ಪಾಪ, 'ಮೆಟಾವರ್ಸ್' (ಕಂಪ್ಯೂಟರ್ ಒಳಗಿನ ಕಾಲ್ಪನಿಕ ಲೋಕ) ಅನ್ನೋ ಪದ ಎದುರಾಳಿಯಾಗಿ ಸೋತಿತು. ಪದ 2009ರಲ್ಲೇ ಟ್ವಿಟರ್‌ನಲ್ಲಿತ್ತು. ಊರೆಲ್ಲಾ ಹಬ್ಬಿದ್ದು 2022ರ ಫೆಬ್ರವರಿಯಲ್ಲಿ, ನಟಿ ಜೂಲಿಯಾ ಫಾಕ್ಸ್ ಹೆಸರಲ್ಲಿ ಯಾರೋ ಹುಟ್ಟಿಸಿದ ಸುಳ್ಳು ತಲೆಬರಹದಿಂದ. ಆಕೆ ಆ ಮಾತು ಆಡಿಯೇ ಇರಲಿಲ್ಲ.

ಮಂಡ್ಯದ ಮಾವ:
ಇಷ್ಟಕ್ಕೆಲ್ಲಾ ಮತದಾನವಾ? ನಮ್ಮ ಕಡೆ 'ಉಂಡಾಡಿ' ಅಂತೀವಿ, ಮುಗೀತು.

ಕೋಡುಬಳೆ ಭಕ್ತ:
ಮಾವ, ಉಂಡಾಡಿ ಉಂಡ ಮೇಲೆ ಊರು ಸುತ್ತುತ್ತಾನೆ. ನಾನು ಬಾಗಿಲವರೆಗೂ ಹೋಗಿಲ್ಲ. ಬಿರಿಯಾನಿ ತಂದ ಹುಡುಗನಿಗೂ ಹಾಸಿಗೆಯಿಂದಲೇ "ಅಲ್ಲೇ ಇಟ್ಟು ಹೋಗಪ್ಪಾ" ಅಂದೆ. ಇನ್ನೊಂದು ವಿಷಯ. ಉಂಡಾಡಿ, ಮೈಗಳ್ಳ ಅಂದ್ರೆ ಆಳಿಗೇ ಅಂಟಿದ ಹೆಸರು, ಸಾಯೋವರೆಗೂ ಹೋಗಲ್ಲ. ಇದು ಮೋಡ್. ಸೋಮವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಆಫೀಸಿಗೆ ಹೋಗಿದ್ದೇನೆ.

ಮಂಡ್ಯದ ಮಾವ:
ಹಂಗಾದ್ರೆ 'ಕುಂಭಕರ್ಣ ಮೋಡ್' ಅನ್ನು. ನಿದ್ದೆ, ಎದ್ದರೆ ಊಟ. ಅವನೂ ಕರೆದಾಗ ಯುದ್ಧಕ್ಕೆ ಹೋದ ತಾನೆ?

ಕೋಡುಬಳೆ ಭಕ್ತ:
ಇದು ಸಿಕ್ಕಾಪಟ್ಟೆ ಚೆನ್ನಾಗಿದೆ. ಅಮ್ಮನಿಗೂ ತಕ್ಷಣ ಅರ್ಥ ಆಗತ್ತೆ.

ಎರಡು ಮಕ್ಕಳ ತಾಯಿ:
ಪದ ನಿಮಗೆ ಸಿಕ್ಕಿತು, ಸಂತೋಷ. ನಾನೂ ಹೋದ ತಿಂಗಳು ಒಂದು ದಿನ ಹೀಗೇ ಮಲಗಿದ್ದೆ, ಕೈಯಲ್ಲಿ ಚಕ್ಕುಲಿ. ಯಾರೂ ಸೋಂಬೇರಿ ಅಂತ ಬೈಯಲಿಲ್ಲ. ಅತ್ತೆ ಬಂದು ಹಣೆ ಮುಟ್ಟಿ ನೋಡಿದರು. "ಜ್ವರ ಏನಾದ್ರೂ ಇದೆಯೇನಮ್ಮ?" ಅಂದರು. "ಹೂಂ ಅತ್ತೆ, ಸ್ವಲ್ಪ" ಅಂತ ಸುಳ್ಳು ಹೇಳಿ ಚಕ್ಕುಲಿಯನ್ನು ದಿಂಬಿನ ಕೆಳಗೆ ತಳ್ಳಿದೆ.