ಮರಿಮೀನು ಬೇಟೆ ತಡೆಯಲು 61 ದಿನಗಳ ನಿಷೇಧ ಸಾಕೇ?

ಪ್ರಶ್ನೆ: ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆ ನಿಷೇಧವಿದೆ. ಆದರೂ ಮಲ್ಪೆಯಂತಹ ಬಂದರುಗಳಲ್ಲಿ ಬೆರಳುದ್ದದ ಬೂತಾಯಿ, ಬಂಗುಡೆ ಮರಿಗಳು ಮೀನುಹಿಟ್ಟಿನ ಕಾರ್ಖಾನೆಗೆಂದು ಲಾರಿಗೇರುವುದನ್ನು ಕಂಡರೆ ಸಂಕಟವಾಗುತ್ತದೆ. ನೀತಿಯಲ್ಲಿ ಕೊರತೆ ಎಲ್ಲಿದೆ?

ಉತ್ತರ 1: ನಿಷೇಧವು ಮೊಟ್ಟೆಯಿಡುವ ಮೀನಿಗೆ ರಕ್ಷಣೆ ಕೊಡುತ್ತದೆಯೇ ಹೊರತು, ಆಗಸ್ಟ್ ನಂತರ ಬಲೆಗೆ ಬೀಳುವ ಮರಿಗಳಿಗಲ್ಲ. ದೋಣಿಯ ಹಿಂದೆ ಎಳೆದೊಯ್ಯುವ ಟ್ರಾಲ್ ಬಲೆಯಲ್ಲಿ, ಮೀನು ಸೇರುವ ತುದಿಚೀಲದ ಕಣ್ಣು (ರಂಧ್ರ) 35 ಮಿಲಿಮೀಟರ್ ಚೌಕವಾಗಿರಬೇಕು. ಎಳೆಯುವಾಗ ವಜ್ರಾಕಾರದ ಕಣ್ಣು ಮುಚ್ಚಿಕೊಳ್ಳುತ್ತದೆ, ಚೌಕದ್ದು ತೆರೆದೇ ಇರುವುದರಿಂದ ಮರಿಗಳು ನುಸುಳಿ ಪಾರಾಗುತ್ತವೆ. ಕೇರಳವು 2015ರಲ್ಲಿ ಹಿಡಿಯಬಹುದಾದ ಮೀನಿನ ಕನಿಷ್ಠ ಗಾತ್ರವನ್ನೂ ನಿಗದಿಪಡಿಸಿ, ಬೂತಾಯಿಗೆ 10 ಸೆಂಟಿಮೀಟರ್ ಮಿತಿ ಹಾಕಿತು. ಬಂದರಿನಲ್ಲೇ ಅಳೆಯಬಹುದಾದ ಇಂತಹ ನಿಯಮವೇ, ನನ್ನ ದೃಷ್ಟಿಯಲ್ಲಿ, ಹೆಚ್ಚು ಪರಿಣಾಮಕಾರಿ.

ಉತ್ತರ 2: ಬೆಳಕು ಮೀನುಗಾರಿಕೆಯನ್ನೂ ಮರೆಯಬಾರದು. ಪ್ರಖರ ಎಲ್‌ಇಡಿ ದೀಪಕ್ಕೆ ಮರಿ, ದೊಡ್ಡದು ಎನ್ನದೆ ಇಡೀ ಹಿಂಡೇ ಒಟ್ಟಾಗುತ್ತದೆ. ಕೇಂದ್ರ ಸರ್ಕಾರ 2017ರಲ್ಲೇ ಇದನ್ನು ನಿಷೇಧಿಸಿದೆ. ಆದರೆ ತೀರದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ ಅಧಿಕಾರ, ಅದರಾಚೆ ಕೇಂದ್ರದ್ದು. ಎರಡೂ ಕಡೆಯ ಗಸ್ತು ಹೊಂದಿಕೊಳ್ಳದಿದ್ದರೆ ನಷ್ಟ ನಾಡದೋಣಿಯವರಿಗೆ.

ಪ್ರಶ್ನಿಸಿದವರು: ಹಾಗಾದರೆ ಮರಿಮೀನು ಕೊಳ್ಳುವ ಕಾರ್ಖಾನೆಗಳಿಗೂ ಹೊಣೆ ವಿಧಿಸಬೇಕು, ದಂಡವೆಲ್ಲ ದೋಣಿಯವರ ಮೇಲೆಯೇ ಬೀಳುವುದು ನ್ಯಾಯವಲ್ಲ.